ಎರೆ ಹೊಲದಂತೆ ಆರುವ ಕಾಂಕ್ರೀಟ್: ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮನೆ ಕಟ್ಟುವವರಿಗೆ

ಯುಗಾದಿ ಹೊತ್ತಿಗೆ ನಮ್ಮ ಕಡೆಯ ಎರೆ ಹೊಲದಲ್ಲಿ ನಡೆದಾಡಿದವರಿಗೆ ಕಾಂಕ್ರೀಟ್ ಯಾಕೆ ಬಿರುಕು ಬಿಡುತ್ತದೆ ಎಂದು ಬಹಳ ಹೇಳಬೇಕಿಲ್ಲ. ಹಿಂಗಾರಿ ಜೋಳದ ರಾಶಿ ಮುಗಿದು ಬಿಸಿಲು ಏರಿದಂತೆ ನೆಲದೊಳಗಿನ ಹಸಿ ಆರುತ್ತದೆ, ಮಣ್ಣು ಕುಗ್ಗುತ್ತದೆ, ಅಂಗೈ ಇಳಿಯುವಷ್ಟು ಅಗಲದ ಬಿರುಕು ಬಾಯಿ ತೆರೆಯುತ್ತದೆ. ಕಾಂಕ್ರೀಟ್ ಕುಗ್ಗುವುದೂ ನೀರು ಹೊರಗೆ ಹೋಗುವುದರಿಂದಲೇ. ಅಳತೆ ಮಾತ್ರ ಬಹಳ ಸಣ್ಣದು. ಬೇರೆ ಮಾಹಿತಿ ಇಲ್ಲದಾಗ ಒಟ್ಟು ಕುಗ್ಗುವಿಕೆಯನ್ನು 0.0003 ಎಂದು ಹಿಡಿಯಲು ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456 ಹೇಳುತ್ತದೆ. ಅಂದರೆ 10 ಮೀಟರ್ ಉದ್ದದ ಸ್ಲ್ಯಾಬಿಗೆ 3 ಮಿಲಿಮೀಟರ್. ಇಷ್ಟೇ ತಾನೇ ಅನ್ನಿಸಬಹುದು. ಆದರೆ ಆ ಸ್ಲ್ಯಾಬನ್ನು ಸುತ್ತಲಿನ ಬೀಮುಗಳು ಹಿಡಿದುಕೊಂಡಿರುತ್ತವೆ. ಕುಗ್ಗಲು ಬಿಡದಿದ್ದಾಗ ಒಳಗೆ ಎಳೆತ ಹುಟ್ಟುತ್ತದೆ, ಕಾಂಕ್ರೀಟಿಗೆ ಎಳೆತ ತಾಳುವ ಶಕ್ತಿ ಬಹಳ ಕಡಿಮೆ. ಸುಮಾರು 0.0001ರಿಂದ 0.00015ರಷ್ಟು ಹಿಗ್ಗಿಸಿದರೆ ಸಾಕು, ಹರಿದುಬಿಡುತ್ತದೆ. ಕುಗ್ಗಬೇಕಾದದ್ದು ಅದರ ಎರಡು ಮೂರು ಪಟ್ಟು.

ಇನ್ನೊಂದು ಗುಣ ಕ್ರೀಪ್. ಬಾಗಲಕೋಟೆ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳ ಪಡಸಾಲೆಯಲ್ಲಿ ಕುಳಿತು ತಲೆ ಎತ್ತಿ ನೋಡಿ. ಅಜ್ಜನ ಕಾಲದಲ್ಲಿ ನೆಟ್ಟಗೆ ಇಟ್ಟ ತೊಲೆ ಈಗ ನಡುವೆ ಜೋತಿರುತ್ತದೆ. ಮೇಲಿನ ಮಣ್ಣು ಅಷ್ಟೇ ಇದೆ, ಯಾರೂ ಹೊಸ ಭಾರ ಹೇರಿಲ್ಲ. ಅದೇ ಭಾರ ವರ್ಷಗಟ್ಟಲೆ ಕೂತದ್ದರಿಂದ ತೊಲೆ ಬಾಗಿದೆ. ಕಾಂಕ್ರೀಟಿನ ಬೀಮು, ಸ್ಲ್ಯಾಬು, ಬಾಲ್ಕನಿಯೂ ಹೀಗೇ ನಿಧಾನಕ್ಕೆ ಬಾಗುತ್ತವೆ. ಸಿಮೆಂಟ್ ಗಟ್ಟಿಯಾದ ಮೇಲೂ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ನೀರು ಉಳಿದಿರುತ್ತದೆ. ಭಾರ ಒತ್ತಿದಂತೆ ಆ ನೀರು ಜಾಗ ಬದಲಿಸುತ್ತದೆ, ಸಿಮೆಂಟಿನ ಸೂಕ್ಷ್ಮ ಪದರಗಳು ಒಂದರ ಮೇಲೊಂದು ಜಾರುತ್ತವೆ. ಭಾರ ಹೊತ್ತುಕೊಂಡೇ ಆರಿದ ಕಾಂಕ್ರೀಟು, ಆರುವುದೂ ಭಾರ ಹೊರುವುದೂ ಬೇರೆ ಬೇರೆಯಾಗಿ ಆದರೆ ಎಷ್ಟು ಬದಲಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಬದಲಾಗುತ್ತದೆ. ಒಣ ಗಾಳಿಯ ನಮ್ಮ ಜಿಲ್ಲೆಗಳವರು ಗಮನಿಸಬೇಕಾದದ್ದು ಇದನ್ನೇ.

ಮನೆಯವರು ಬಿರುಕು ಕಂಡಾಗ ಮೊದಲು ಕೇಳುವ ಮಾತು ಒಂದೇ: "ಸಾಹೇಬ್ರ, ಸಿಮೆಂಟ್ ಕಳಪಿ ಕೊಟ್ಟಾರೇನ್ರಿ?" ಇಷ್ಟು ವರ್ಷದ ಸೈಟ್ ಕೆಲಸದಲ್ಲಿ ನಾನು ಕಂಡಂತೆ ತಪ್ಪು ಸಿಮೆಂಟಿನದ್ದಾಗಿರುವುದು ಅಪರೂಪ. ಖಡಿ (ಜಲ್ಲಿಕಲ್ಲು), ನೀರು, ಗಾಳಿ, ಅವಸರ: ಹುಡುಕಬೇಕಾದದ್ದು ಈ ನಾಲ್ಕರಲ್ಲಿ. ಕೆಲಸದ ಕ್ರಮದಲ್ಲೇ ಒಂದೊಂದಾಗಿ ಹೇಳುತ್ತೇನೆ.

ಮೊದಲನೇ ಹೆಜ್ಜೆ: ಖಡಿ ಎಲ್ಲಿಯದು ಎಂದು ಕೇಳಿ

ಕಾಂಕ್ರೀಟಿನಲ್ಲಿ ಕುಗ್ಗುವುದು ಸಿಮೆಂಟಿನ ಪಾಕ. ಗಟ್ಟಿ ಕಲ್ಲು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ತನ್ನನ್ನು ಅಂಟಿಕೊಂಡ ಪಾಕವನ್ನೂ ಕುಗ್ಗಲು ಬಿಡದೆ ತಡೆದು ನಿಲ್ಲುತ್ತದೆ. ಹಾಗಾಗಿ ಕಲ್ಲು ಎಷ್ಟಿದೆ, ಎಷ್ಟು ಬಿಗಿಯಾಗಿದೆ ಎಂಬ ಎರಡೂ ಮುಖ್ಯ. ಕಲ್ಲಿನ ಪಾಲು ಕಾಂಕ್ರೀಟಿನ ಗಾತ್ರದಲ್ಲಿ ನೂರಕ್ಕೆ 71ರಿಂದ 74ಕ್ಕೆ ಏರಿದರೆ ಕುಗ್ಗುವಿಕೆ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ಮಾತು. ಕಲ್ಲಿನ ಜಾತಿಯೂ ಹಾಗೆಯೇ. ಒಂದೇ ಪ್ರಮಾಣದಲ್ಲಿ ಬೆರೆಸಿ ಒಂದೇ ಒಣ ಹವೆಯಲ್ಲಿಟ್ಟಾಗ ಮರಳುಗಲ್ಲಿನ ಖಡಿಯ ಕಾಂಕ್ರೀಟ್ ಬೆಣಚುಕಲ್ಲಿನದಕ್ಕಿಂತ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಕ್ರೀಪಿನಲ್ಲೂ ಮರಳುಗಲ್ಲೇ ಮುಂದೆ. ಸುಣ್ಣಕಲ್ಲು ಎಲ್ಲಕ್ಕಿಂತ ಹಿಂದೆ. ಗ್ರಾನೈಟು, ಬಸಾಲ್ಟು ನಡುವೆ ಬರುತ್ತವೆ.

ಇಷ್ಟು ಬಗೆಯ ಕಲ್ಲು ಕೂಗಳತೆಯಲ್ಲಿ ಸಿಗುವ ಸೀಮೆ ನಮ್ಮದು. ವಿಜಯಪುರದ ಸುತ್ತ ಕರಿಕಲ್ಲು, ಅಂದರೆ ಬಸಾಲ್ಟ್. ಗೋಳಗುಮ್ಮಟಕ್ಕೂ ಅದೇ ಕಲ್ಲು. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಕೆಂಪು ಮರಳುಗಲ್ಲು. ಮುಧೋಳ, ಲೋಕಾಪುರದ ಕಡೆ ಸುಣ್ಣಕಲ್ಲು. ಬೆಳಗಾವಿಯಲ್ಲಿ ಕರಿಕಲ್ಲು, ಖಾನಾಪುರದತ್ತ ಹೋದರೆ ಜಂಬಿಟ್ಟಿಗೆ ಕಲ್ಲು. ಚಾಲುಕ್ಯರ ಉಳಿಗೆ ಮರಳುಗಲ್ಲು ಅಷ್ಟು ಚೆನ್ನಾಗಿ ಒಲಿಯಿತು ನಿಜ, ಆದರೆ ಅದನ್ನೇ ಒಡೆದು ಸ್ಲ್ಯಾಬಿಗೆ ಖಡಿ ಮಾಡಿಕೊಳ್ಳಬೇಡಿ. ಜಂಬಿಟ್ಟಿಗೆಯನ್ನೂ ಬೇಡ. ಬಿಗಿಯಾದ ಕರಿಕಲ್ಲು ಅಥವಾ ಗ್ರಾನೈಟ್ ಸಿಕ್ಕರೆ ಅದೇ ಸಾಕು.

ಕರಿಕಲ್ಲಿನಲ್ಲೂ ಮೋಸ ಹೋಗುವುದುಂಟು. ಕ್ವಾರಿಯ ಮೇಲಿನ ಪದರದ ಕಲ್ಲು ಮಳೆಬಿಸಿಲಿಗೆ ಕೊಳೆತು ಕಂದುಬಣ್ಣಕ್ಕೆ ತಿರುಗಿರುತ್ತದೆ, ಒಳಗೆ ಜೇಡಿ ಸೇರಿರುತ್ತದೆ. ಕೆಲವು ಪದರಗಳಲ್ಲಿ ಸಣ್ಣ ಸಣ್ಣ ತೂತು, ತೂತಿನೊಳಗೆ ಬಿಳಿ ಹರಳು. ಇಂಥ ಕಲ್ಲು ತಾನೂ ನೀರು ಕುಡಿಯುತ್ತದೆ, ಆರಿದಾಗ ತಾನೂ ಕುಗ್ಗುತ್ತದೆ. ಪರೀಕ್ಷೆ ಮನೆಯಲ್ಲೇ ಮಾಡಬಹುದು. 2 ಕೆ.ಜಿ. ಖಡಿಯನ್ನು ತೊಳೆದು, ಹಂಚಿನ ಮೇಲೆ ಬಿಸಿ ಮಾಡಿ ಪೂರ್ತಿ ಒಣಗಿಸಿ ತೂಗಿ. 24 ಗಂಟೆ ನೀರಿನಲ್ಲಿಟ್ಟು, ತೆಗೆದು ಅರಿವೆಯಿಂದ ಮೈ ಒರೆಸಿ ಮತ್ತೆ ತೂಗಿ. ತೂಕ 40 ಗ್ರಾಂಗಿಂತ ಹೆಚ್ಚು ಏರಿದ್ದರೆ, ಅಂದರೆ ನೂರಕ್ಕೆ ಎರಡು ದಾಟಿದರೆ, ನಾನು ಆ ಲೋಡನ್ನು ವಾಪಸ್ ಕಳಿಸುತ್ತೇನೆ.

ಬರೀ 20 ಮಿ.ಮೀ. ಖಡಿ ತರಿಸಬೇಡಿ, 12 ಮಿ.ಮೀ.ದನ್ನೂ ಸೇರಿಸಿದರೆ ದೊಡ್ಡ ಕಲ್ಲಿನ ಸಂದಿಯಲ್ಲಿ ಸಣ್ಣದು ಕೂರುತ್ತದೆ, ಪಾಕ ಕಡಿಮೆ ಸಾಕಾಗುತ್ತದೆ. ಹೊಳೆಯ ಉಸುಕು ಬಳಸುವವರು ಗಾಜಿನ ಗ್ಲಾಸಿನಲ್ಲಿ ಉಪ್ಪುನೀರು ಹಾಕಿ ಉಸುಕು ಕಲಕಿ ಮೂರು ತಾಸು ಬಿಡಿ. ಉಸುಕಿನ ಮೇಲೆ ಕೂತ ರೊಜ್ಜಿನ ಪದರ ಉಸುಕಿನ ಎತ್ತರದ ನೂರಕ್ಕೆ ಎಂಟನ್ನು ಮೀರಬಾರದು. ಎಂ-ಸ್ಯಾಂಡ್ ಆದರೆ ತೊಳೆದದ್ದೇ ಬೇಕು. ಕ್ರಷರಿನ ಬೂದಿ ಹೆಚ್ಚಿದ್ದರೆ ಅದು ನೀರು ಬೇಡುತ್ತದೆ, ಆ ನೀರು ಮುಂದೆ ಕುಗ್ಗುವಿಕೆಯಾಗುತ್ತದೆ.

ಎರಡನೇ ಹೆಜ್ಜೆ: ನೀರನ್ನು ಅಳೆದು ಹಾಕಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಸಿಮೆಂಟ್ ಗಟ್ಟಿಯಾಗಲು ಅದರ ತೂಕದ ಕಾಲು ಭಾಗಕ್ಕೂ ಸ್ವಲ್ಪ ಕಡಿಮೆ ನೀರು ರಾಸಾಯನಿಕವಾಗಿ ಸೇರುತ್ತದೆ. 50 ಕೆ.ಜಿ. ಚೀಲಕ್ಕೆ 12 ಲೀಟರಿನ ಆಸುಪಾಸು. ಉಳಿದದ್ದು ಕಾಂಕ್ರೀಟ್ ಹರಿಯಲಿ, ಸಂದುಗೊಂದಿಗೆ ಇಳಿಯಲಿ ಎಂದು ನಾವು ಹಾಕಿದ್ದು. ಅದರಲ್ಲಿ ದೊಡ್ಡ ಪಾಲು ಮುಂದೆ ಆರಿ ಹೋಗುವ ನೀರು. ಅದು ಬಿಟ್ಟುಹೋದ ರಂಧ್ರಗಳೇ ಕುಗ್ಗುವಿಕೆ, ಕ್ರೀಪ್ ಎರಡಕ್ಕೂ ದಾರಿ.

ಸ್ಲ್ಯಾಬಿಗೆ ಚೀಲಕ್ಕೆ 25 ಲೀಟರು ಸಾಕು ಎಂದು ನಾನು ಹೇಳುತ್ತೇನೆ. ಮಿಕ್ಸರ್ ಹತ್ತಿರ ನಿಂತ ಗೌಂಡಿಯ ಉತ್ತರ ಯಾವಾಗಲೂ ಒಂದೇ: "ಸಾಹೇಬ್ರ, ಭಾಳ ಬಿರ್ಸ್ ಆಗೇತ್ರಿ, ಸಲಿಕಿ ಓಡಂಗಿಲ್ಲ, ಇನ್ನೊಂದ್ ಅರ್ಧಾ ಬಕೆಟ್ ನೀರ ಬಿಡೂಣ್ರಿ." ಅವನ ಕಷ್ಟ ಸುಳ್ಳಲ್ಲ. ಬಿಸಿಲಿನಲ್ಲಿ ಬುಟ್ಟಿ ಹೊತ್ತು ಏಣಿ ಹತ್ತುವವರಿಗೆ ಬಿರುಸು ಮಾಲು ಸುರಿಯುವುದು, ಹರಡುವುದು ಕಷ್ಟವೇ. ಹಾಗಾಗಿ ಬೇಡ ಎಂದಷ್ಟೇ ಹೇಳಿ ಸುಮ್ಮನಾಗದೆ ಬೇರೆ ದಾರಿ ತೋರಿಸಬೇಕು. ಪ್ಲಾಸ್ಟಿಸೈಸರ್ ಎಂದು ಸಿಗುವ ದ್ರವವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ನೀರಿಗೆ ಬೆರೆಸಿದರೆ, ಅದೇ 25 ಲೀಟರಿನಲ್ಲಿ ಮಾಲು ಸಲೀಸಾಗಿ ಹರಿಯುತ್ತದೆ. ಹೆಚ್ಚು ಸುರಿದರೆ ಮಾಲು ಗಟ್ಟಿಯಾಗುವುದು ತಡವಾಗುತ್ತದೆ. ಅಷ್ಟು ಹೊತ್ತು ಹಸಿ ಮೈ ಗಾಳಿಗೆ ಬಿದ್ದಿರುತ್ತದೆ. ಅದೂ ಹಾನಿಯೇ.

ಉಸುಕಿನೊಳಗಿನ ನೀರನ್ನು ಲೆಕ್ಕದಿಂದ ಕಳೆಯುವುದನ್ನು ಬಹಳ ಜನ ಮರೆಯುತ್ತಾರೆ. ಒಂದು ಚೀಲ ಸಿಮೆಂಟಿಗೆ ಸುಮಾರು 80 ಕೆ.ಜಿ. ಉಸುಕು ಬೀಳುತ್ತದೆ ಅಂದುಕೊಳ್ಳಿ. ಅದರಲ್ಲಿ ನೂರಕ್ಕೆ ಐದು ಹಸಿ ಇದ್ದರೆ 4 ಲೀಟರ್ ನೀರು ಆಗಲೇ ಒಳಗಿದೆ. ಮಿಕ್ಸರಿಗೆ ಹಾಕಬೇಕಾದದ್ದು 21 ಲೀಟರ್.

ಮನೆಯ ಯಜಮಾನರು ಪ್ರೀತಿಯಿಂದ ಮಾಡುವ ತಪ್ಪೊಂದಿದೆ: "ಗಟ್ಟಿ ಆಗ್ಲಿ, ಎರಡ ಚೀಲ ಹೆಚ್ಚಿಗಿ ಹಾಕ್ರಿ" ಎನ್ನುವುದು. ಸಿಮೆಂಟ್ ಹೆಚ್ಚಾದಂತೆ ಪಾಕ ಹೆಚ್ಚು, ಕಲ್ಲು ಕಡಿಮೆ, ಕುಗ್ಗುವಿಕೆ ಹೆಚ್ಚು, ಕಾವೂ ಹೆಚ್ಚು. ಬೇಕಾದ ಗ್ರೇಡಿಗೆ ಎಷ್ಟು ಬೇಕೋ ಅಷ್ಟೇ ಹಾಕಿ. ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟ್) ಒಳ್ಳೆಯದೋ 53 ಗ್ರೇಡ್ ಒಪಿಸಿ (ಬೆರಕೆಯಿಲ್ಲದ ಸಾದಾ ಸಿಮೆಂಟ್) ಒಳ್ಳೆಯದೋ ಎಂದೂ ಕೇಳುತ್ತಾರೆ. ಕೂಡಗಿಯಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಉಳಿಯುವ ಹಾರುಬೂದಿ ಸೇರಿದ ಪಿಪಿಸಿಗೆ ಕಾವು ಕಡಿಮೆ, ಮನೆ ಕೆಲಸಕ್ಕೆ ಚೆನ್ನಾಗಿಯೇ ಇದೆ. ಆದರೆ ಅದು ಶಕ್ತಿ ಪಡೆಯುವುದು ನಿಧಾನ. ಹೆಚ್ಚು ದಿನ ನೀರು ಉಣಿಸುವ ತಾಳ್ಮೆ ಇದ್ದವರು ಮಾತ್ರ ಅದನ್ನು ಆರಿಸಿಕೊಳ್ಳಬೇಕು.

ಮೂರನೇ ಹೆಜ್ಜೆ: ದಿನವನ್ನಷ್ಟೇ ನೋಡಬೇಡಿ, ಗಾಳಿಯನ್ನೂ ನೋಡಿ

ಸ್ಲ್ಯಾಬಿನ ದಿನಕ್ಕೆ ನಾವು ಅಮಾವಾಸ್ಯೆ ಬಿಟ್ಟು ಒಳ್ಳೇ ವಾರ ನೋಡುತ್ತೇವೆ. ಗಾಳಿ ನೋಡುವವರು ಕಡಿಮೆ. ಕಾಂಕ್ರೀಟ್ ಹಾಕಿದ ಮೊದಲ ಕೆಲವು ತಾಸು, ಅದು ಇನ್ನೂ ಹಸಿಯಾಗಿರುವಾಗ, ಒಳಗಿನ ನೀರು ಮೆಲ್ಲಗೆ ಮೇಲೆ ಬರುತ್ತಿರುತ್ತದೆ. ಬರುವುದಕ್ಕಿಂತ ವೇಗವಾಗಿ ಗಾಳಿ ಅದನ್ನು ಎಳೆದುಕೊಂಡರೆ ಮೇಲ್ಮೈ ಎಳೆದು ಹರಿಯುತ್ತದೆ. ಒಂದಕ್ಕೊಂದು ಸಮಾನಾಂತರವಾಗಿ, ಓರೆಯಾಗಿ, ಒಂದೆರಡು ಅಡಿಗೊಂದರಂತೆ ಬರುವ ಬಿರುಕುಗಳು ಇವೇ.

ಚೈತ್ರ ವೈಶಾಖದ ಬಿಸಿಲು ಅಪಾಯ ಎಂದು ಎಲ್ಲರಿಗೂ ಗೊತ್ತು. ಆಷಾಢದ ಬಗ್ಗೆ ಮಾತ್ರ ತಪ್ಪು ನಂಬಿಕೆ ಇದೆ. ಮೋಡ ಮುಚ್ಚಿದೆ, ತಂಪಿದೆ, ಸ್ಲ್ಯಾಬಿಗೆ ಹೇಳಿ ಮಾಡಿಸಿದ ಹವೆ ಎನ್ನುತ್ತಾರೆ. ಬೆಳಗಾವಿ, ಖಾನಾಪುರದ ಜಿಟಿಜಿಟಿ ಮಳೆಗೆ ಆ ಮಾತು ಒಪ್ಪುತ್ತದೆ. ಅಲ್ಲಿ ಹವೆಯೇ ಒದ್ದೆ. ಅದೇ ಆಷಾಢದಲ್ಲಿ ವಿಜಯಪುರ ಮಳೆಯ ನೆರಳಿನಲ್ಲಿ ಇರುತ್ತದೆ. ಮೋಡ ಓಡುತ್ತವೆ, ಹನಿ ಬೀಳುವುದು ಕಡಿಮೆ, ಬಯಲಿನಲ್ಲಿ ಗಾಳಿ ಮಾತ್ರ ದಿನವಿಡೀ ಬೀಸುತ್ತದೆ. ಗೌಂಡಿಗಳ ತಲೆಗೆ ಸುತ್ತಿದ ಟಾವೆಲ್ ಹಾರಿಹೋಗುವ ಗಾಳಿ. ಮಾಳಿಗೆ ಮೇಲಿನ ಹಸಿ ಸ್ಲ್ಯಾಬನ್ನು ಆ ಗಾಳಿ ಬಿಸಿಲಿನಷ್ಟೇ ಚೆನ್ನಾಗಿ ಒಣಗಿಸುತ್ತದೆ.

ಅಂದಾಜಿಗೆ ಒಂದು ಉಪಾಯ ಹೇಳುತ್ತೇನೆ. ಒಂದು ಚದರ ಮೀಟರ್ ಮೈಯಿಂದ ಗಂಟೆಗೆ 1 ಕೆ.ಜಿ. ನೀರು ಆರುವಂತಿದ್ದರೆ ಬಿರುಕಿನ ಅಪಾಯ ಬಂತು ಎಂದು ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಮನೆಯಲ್ಲಿ 36 ಸೆಂ.ಮೀ. ಅಗಲದ ಪರಾತ ಇದ್ದರೆ ಅದರ ಬಾಯಿ ಹತ್ತಿರ ಹತ್ತಿರ ಚದರ ಮೀಟರಿನ ಹತ್ತನೇ ಒಂದು ಭಾಗ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಮಾಳಿಗೆಯ ಮೇಲೆ, ಪರಾತದ ಅಂಚಿನವರೆಗೆ ಉಗುರುಬೆಚ್ಚಗಿನ ನೀರು ತುಂಬಿ ತೂಗಿ ಇಡಿ. ಒಂದು ಗಂಟೆಯ ನಂತರ ಮತ್ತೆ ತೂಗಿ. 100 ಗ್ರಾಂ ಇಳಿದಿದ್ದರೆ ಆ ಹೊತ್ತಿನಲ್ಲಿ ಹಾಗೆಯೇ ಸ್ಲ್ಯಾಬ್ ಹಾಕಬಾರದು. 50 ಗ್ರಾಂ ದಾಟಿದರೂ ನಾನು ಹಸಿರು ಬಲೆಯ ಮರೆ ಕಟ್ಟಿಸುತ್ತೇನೆ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ "ಇವತ್ತು ಗಾಳಿ ಜೋರು" ಎಂಬ ಮಾತಿಗೆ ಒಂದು ಅಳತೆ ಸಿಗುತ್ತದೆ.

ಹವೆ 40 ಡಿಗ್ರಿ ದಾಟುವ ದಿನಗಳಿಗೆ ಐಎಸ್ 7861 ಬೇರೆಯೇ ನಿಯಮ ಹೇಳುತ್ತದೆ. ಸುರಿಯುವ ಹೊತ್ತಿಗೆ ಕಾಂಕ್ರೀಟ್ ಕೂಡ 40 ಡಿಗ್ರಿ ಮೀರಬಾರದು. ಮೇ ತಿಂಗಳಲ್ಲಿ ನಸುಕಿನ 4 ಗಂಟೆಗೆ ಕೆಲಸ ಹಿಡಿದು 9ರೊಳಗೆ ಮುಗಿಸುವುದಕ್ಕಿಂತ, ಇಳಿಹೊತ್ತು ಹಿಡಿದು ರಾತ್ರಿ ಮುಗಿಸುವುದನ್ನು ನಾನು ಮೆಚ್ಚುತ್ತೇನೆ. ನಸುಕಿನಲ್ಲಿ ಹಾಕಿದ ಮಾಲು ಗಟ್ಟಿಯಾಗುವ ಹೊತ್ತಿಗೆ ಸರಿಯಾಗಿ ನೆತ್ತಿ ಬಿಸಿಲು ಬೀಳುತ್ತದೆ. ಖಡಿಯ ರಾಶಿಗೆ ಹಿಂದಿನ ರಾತ್ರಿಯೇ ನೀರು ಹೊಡೆದು ತಟ್ಟು (ಗೋಣಿ) ಮುಚ್ಚಿರಿ, ನೀರಿನ ಟಾಕಿಗೆ ನೆರಳು ಮಾಡಿ, ಸೆಂಟ್ರಿಂಗ್ ಹಲಗೆಗಳನ್ನು ತೋಯಿಸಿ.

ನಾಲ್ಕನೇ ಹೆಜ್ಜೆ: ಮೊದಲ ರಾತ್ರಿ

ಮಟ್ಟ ಮಾಡಿ ಮುಗಿಸಿದ ಭಾಗಕ್ಕೆ ಹಿಂದೆ ಹಿಂದೆಯೇ ಪ್ಲಾಸ್ಟಿಕ್ ಹಾಳೆ ಹೊದಿಸುತ್ತ ಬನ್ನಿ, ಅಂಚಿಗೆ ಕಲ್ಲು ಹೇರಿ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಹೊದಿಸೋಣ ಎಂದರೆ ಮೊದಲು ಹಾಕಿದ ಮೂಲೆ ಅಷ್ಟರಲ್ಲಿ ಒಣಗಿರುತ್ತದೆ. ಗಟ್ಟಿಯಾಗುವ ಮೊದಲೇ ಬಿರುಕು ಕಂಡರೆ ಹೆದರಬೇಡಿ. ಮರದ ಉಜ್ಜುಹಲಗೆಯಿಂದ ಒತ್ತಿ ಒತ್ತಿ ಉಜ್ಜಿ ಮುಚ್ಚಿಸಿ. ಮೇಲೆ ಒಣ ಸಿಮೆಂಟ್ ಪುಡಿ ಎರಚಿ ಸಾರಿಸುವ ಅಭ್ಯಾಸವನ್ನು ಬಿಡಿಸಬೇಕು. ಆ ತೆಳು ಪದರ ಬರೀ ಪಾಕ, ಕಲ್ಲೇ ಇಲ್ಲದ್ದು. ಒಣಗಿದಾಗ ಜೇಡರ ಬಲೆಯಂತೆ ಒಡೆಯುತ್ತದೆ.

ಸರಳಿನ ಮೇಲೇ, ಸರಳು ಹೋದ ದಾರಿಯಲ್ಲೇ ಬಿರುಕು ಬಂದರೆ ಅದು ಬೇರೆ. ಮಾಲು ಕೆಳಗೆ ಕೂರುವಾಗ ಸರಳು ಅಡ್ಡ ಬಂದದ್ದು. ಹಸಿ ಇರುವಾಗಲೇ ಇನ್ನೊಮ್ಮೆ ವೈಬ್ರೇಟರ್ ಇಳಿಸಿದರೆ ಅದು ಕೂಡಿಕೊಳ್ಳುತ್ತದೆ.

ಐದನೇ ಹೆಜ್ಜೆ: ನೀರು ಉಣಿಸುವುದು

ಮಾರನೇ ದಿನ ಮಡಿ ಕಟ್ಟಿ ನೀರು ನಿಲ್ಲಿಸಿ. ಎಷ್ಟು ದಿನ? ಐಎಸ್ 456 ಪ್ರಕಾರ ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10. ಒಣ, ಬಿಸಿ ಹವೆಯಲ್ಲಿ ಯಾವ ಸಿಮೆಂಟ್ ಆದರೂ 10ಕ್ಕೆ ಕಡಿಮೆ ಇಲ್ಲ, ಮಿಶ್ರ ಸಿಮೆಂಟಿಗೆ 14 ಒಳ್ಳೆಯದು. ವಿಜಯಪುರದಲ್ಲಿ ಪಿಪಿಸಿ ಬಳಸಿದವರು 14ನ್ನೇ ಕನಿಷ್ಠ ಎಂದುಕೊಳ್ಳಿ.

ನೀರು ಉಣಿಸಿದರೆ ಕುಗ್ಗುವುದೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಒಟ್ಟು ಕುಗ್ಗುವಿಕೆ ಅದರಿಂದ ಬಹಳವೇನೂ ಇಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಆ ಎರಡು ವಾರದಲ್ಲಿ ಕಾಂಕ್ರೀಟ್ ಎಳೆತ ತಾಳುವ ಶಕ್ತಿ ಗಳಿಸಿಕೊಳ್ಳುತ್ತದೆ. ಎಳೆಯದಾಗಿದ್ದಾಗ ಹರಿಯುತ್ತಿದ್ದದ್ದು ಬಲಿತ ಮೇಲೆ ತಡೆದುಕೊಳ್ಳುತ್ತದೆ. ಹಾಗಾಗಿಯೇ ಬೆಳಿಗ್ಗೆ ಒಮ್ಮೆ ಪೈಪ್ ಹಿಡಿದು, ಮಧ್ಯಾಹ್ನ ಒಣಗಲು ಬಿಟ್ಟು, ಸಂಜೆ ಮತ್ತೆ ತೋಯಿಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ತೋಯುವುದು ಆರುವುದು ಸರದಿಯಲ್ಲಿ ನಡೆದರೆ ಮೇಲ್ಮೈ ದಿನಕ್ಕೆರಡು ಸಲ ಹಿಗ್ಗಿ ಕುಗ್ಗುತ್ತದೆ. ಕಾಲಂಗೆ ತಟ್ಟು ಸುತ್ತಿ ಹಗ್ಗ ಬಿಗಿದು, ತಟ್ಟಿನ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಹಸಿ ದಿನವಿಡೀ ಉಳಿಯುತ್ತದೆ. ಛಜ್ಜಾ, ಪ್ಯಾರಾಪೆಟ್, ಕೋಪಿಂಗ್‌ನಂಥ ತೆಳು ಭಾಗಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಎರಡೂ ಬದಿ ಗಾಳಿಗೆ ತೆರೆದ ಅವೇ ಎಲ್ಲಕ್ಕಿಂತ ಬೇಗ ಆರುತ್ತವೆ. ದಪ್ಪ ಫೂಟಿಂಗಿನ ಒಡಲು ಆರಲು ವರ್ಷಗಳೇ ಬೇಕು.

ಕೊನೆಯ ದಿನ ನೀರು ಒಮ್ಮೆಲೇ ಬಿಟ್ಟು ಮೈ ಬಿಸಿಲಿಗೆ ಒಡ್ಡಬೇಡಿ. ನೀರು ನಿಲ್ಲಿಸಿದ ಮೇಲೂ ತಟ್ಟನ್ನು ಮೂರು ನಾಲ್ಕು ದಿನ ಹಾಗೆಯೇ ಬಿಡಿ. ಕಟಕ ರೊಟ್ಟಿ ಬಿಸಿಲಿಗಿಟ್ಟಾಗ ಅಂಚು ಮೇಲೆ ಏಳುವುದನ್ನು ಕಂಡಿದ್ದೀರಲ್ಲ? ಒಂದು ಮಗ್ಗುಲು ಮೊದಲು ಆರಿದರೆ ಹಾಗೆ. ನೆಲದ ಕಾಂಕ್ರೀಟೂ ಮೇಲಿನಿಂದ ಮಾತ್ರ ಬೇಗ ಆರಿದರೆ ಮೂಲೆ ಎತ್ತಿಕೊಳ್ಳುತ್ತದೆ, ಮುಂದೆ ಕಾಲಿಟ್ಟಲ್ಲಿ ಟೊಳ್ಳು ಸದ್ದು ಮಾಡಿ ಒಡೆಯುತ್ತದೆ.

ಆರನೇ ಹೆಜ್ಜೆ: ಸೆಂಟ್ರಿಂಗ್ ಬಿಚ್ಚುವ ಅವಸರ

ಇದನ್ನು ಬರೆಯುವಾಗ ಒಂದು ಬಾಲ್ಕನಿ ಕಣ್ಣ ಮುಂದೆ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸತು. ನಾನು ಎರಡು ದಿನ ಊರಿಗೆ ಹೋಗಿದ್ದೆ. ಬೇರೆ ಸೈಟಿಗೆ ಬೇಕೆಂದು ಎಂಟನೇ ದಿನಕ್ಕೇ ಬಾಲ್ಕನಿಯ ಕೆಳಗಿನ ಪೋಲು (ಆನಿಕೆಯ ಕಂಬ) ಎಳೆದುಕೊಂಡು ಹೋಗಿದ್ದರು. ಮೇಲೆ ಗೋಡೆಗೆಂದು ತಂದ ಇಟ್ಟಿಗೆ ಒಟ್ಟಿತ್ತು. ಬೀಳಲಿಲ್ಲ. ಆವತ್ತು ಕಣ್ಣಿಗೆ ಏನೂ ಕಾಣಲೂ ಇಲ್ಲ. ಎರಡು ವರ್ಷದ ಮೇಲೆ ಮಳೆನೀರು ಬಾಲ್ಕನಿಯ ತುದಿಯಲ್ಲಿ ನಿಲ್ಲತೊಡಗಿತು, ಬಾಗಿಲ ಹೊಸ್ತಿಲ ಗುಂಟ ಬಿರುಕು ಬಂತು. ದಾರ ಹಿಡಿದು ನೋಡಿದರೆ ತುದಿ 18 ಮಿ.ಮೀ. ಇಳಿದಿತ್ತು. ಆ ಮನೆಯ ಅಕ್ಕಾವರು ಇಂದಿಗೂ ಅಲ್ಲಿ ಬಟ್ಟೆ ಒಣಹಾಕಲು ಹಿಂಜರಿಯುತ್ತಾರೆ. ಸೈಟ್ ನನ್ನದು, ಬಿಟ್ಟು ಹೋಗಬಾರದಿತ್ತು.

ಎಳೆಯ ಕಾಂಕ್ರೀಟ್ ಮೇಲೆ ಭಾರ ಬಿದ್ದರೆ ಯಾಕೆ ಹಾಗೆ ಎಂಬುದಕ್ಕೆ ಐಎಸ್ 456ರ ಕ್ರೀಪ್ ಗುಣಾಂಕಗಳೇ ಸಾಕು. 7 ದಿನಕ್ಕೆ ಭಾರ ಹೊರಿಸಿದರೆ 2.2, 28 ದಿನಕ್ಕೆ 1.6, ಒಂದು ವರ್ಷಕ್ಕೆ 1.1. ಭಾರ ಬಿದ್ದ ಕೂಡಲೇ ಕಾಂಕ್ರೀಟ್ 1 ಪಾಲು ಒತ್ತಿಕೊಂಡರೆ, ಮುಂದೆ ಕ್ರೀಪಿನಿಂದ ಇಷ್ಟು ಪಾಲು ಸೇರುತ್ತದೆ ಎಂದರ್ಥ. ಎಂ25 ಗ್ರೇಡಿನ ಕಾಂಕ್ರೀಟಿನ ಬಿಗಿತವನ್ನು 25,000 ಮೆಗಾಪಾಸ್ಕಲ್ ಎಂದು ಹಿಡಿದರೆ, 28 ದಿನ ಕಾದವನ ಲೆಕ್ಕಕ್ಕೆ ದೀರ್ಘಕಾಲದಲ್ಲಿ ಉಳಿಯುವುದು ಸುಮಾರು 9,600. 7 ದಿನಕ್ಕೇ ಹೊರಿಸಿದವನಿಗೆ 7,800. ಒಂದು ವರ್ಷದಲ್ಲಾದ ಕ್ರೀಪನ್ನು 1 ಎಂದು ಇಟ್ಟುಕೊಂಡರೆ 5 ವರ್ಷಕ್ಕೆ ಅದು 1.2, 30 ವರ್ಷಕ್ಕೆ 1.36ರಷ್ಟು ಆಗುತ್ತದೆ ಎಂದು ಹಳೆಯ ದೀರ್ಘ ಪ್ರಯೋಗಗಳು ತೋರಿಸಿವೆ. ಮೊದಲ ವರ್ಷವೇ ಬಹುಪಾಲು, ಆದರೆ ಪೂರ್ತಿ ನಿಲ್ಲುವುದು ಎಂಬುದಿಲ್ಲ. ಪೆಸಿಫಿಕ್ ಸಾಗರದ ಪಲಾವ್ ದೇಶದಲ್ಲಿ 1977ರಲ್ಲಿ ಕಟ್ಟಿದ 241 ಮೀಟರ್ ಅಂಕಣದ ಕಾಂಕ್ರೀಟ್ ಸೇತುವೆ ನಡುವೆ ಒಂದೂಕಾಲು ಮೀಟರಿಗೂ ಹೆಚ್ಚು ಜೋತುಬಿತ್ತು. ದುರಸ್ತಿಯಾದ ಕೆಲವೇ ತಿಂಗಳಿಗೆ, 1996ರಲ್ಲಿ, ಕುಸಿಯಿತು. ನಮ್ಮ ಮನೆ ಬಾಲ್ಕನಿ ಸೇತುವೆಯಲ್ಲ, ಆದರೆ ಒಳಗೆ ಕೆಲಸ ಮಾಡುವ ಗುಣ ಒಂದೇ.

ಕಾಯಬೇಕಾದ ದಿನಗಳು ಹೀಗಿವೆ. ಒಪಿಸಿ ಬಳಸಿದಾಗ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಪೋಲಿಗೆ 7 ದಿನ, ಅದಕ್ಕೂ ಉದ್ದವಾದರೆ 14. ಬೀಮಿಗೆ 6 ಮೀಟರ್‌ವರೆಗೆ 14, ಮೇಲಾದರೆ 21. ಇವು ಸ್ಲ್ಯಾಬ್ ಬೀಳದಿರಲು ಬೇಕಾದ ಕನಿಷ್ಠ. ಬಾಗದಿರಲಿ ಎನ್ನುವವರು ಇನ್ನೂ ಕಾಯಬೇಕು. ಪಿಪಿಸಿ ಆದರಂತೂ ಖಂಡಿತ. ಬಾಲ್ಕನಿ, ಪೋರ್ಟಿಕೋದಂಥ ಚಾಚುಗಳಿಗೆ ನಾನು 28 ದಿನಕ್ಕೆ ಮೊದಲು ಪೋಲು ಮುಟ್ಟಲು ಬಿಡುವುದಿಲ್ಲ. ಬಿಚ್ಚುವಾಗ ಚಾಚಿನ ತುದಿಯಿಂದ ಗೋಡೆಯತ್ತ ಬನ್ನಿ. ಎರಡೂ ಕಡೆ ಆಧಾರವಿದ್ದ ಸ್ಲ್ಯಾಬಿಗೆ ನಡುವಿನಿಂದ ಅಂಚಿನತ್ತ. ಮೇಲಂತಸ್ತಿನ ಸ್ಲ್ಯಾಬ್ ಹಾಕುವಾಗ ಅದರ ಪೋಲುಗಳ ಭಾರ ಕೆಳಗಿನ ಎಳೆಯ ಸ್ಲ್ಯಾಬಿನ ಮೇಲೆಯೇ ಬೀಳುತ್ತದೆ ಎಂಬುದನ್ನು ನೆನಪಿಟ್ಟು, ಅದರ ಕೆಳಗೂ ಆನಿಕೆ ಉಳಿಸಿ.

ಸರಳಿನ ವಿಷಯ ಚಿಕ್ಕದಾಗಿ. ಚಾಚುಗಳಲ್ಲಿ ಮೇಲಿನ ಸರಳೇ ಜೀವ. ಸುರಿಯುವಾಗ ಆಳುಗಳ ಕಾಲಿಗೆ ಸಿಕ್ಕು ಅದು ಕೆಳಗೆ ಹೋಗದಂತೆ ಕುರ್ಚಿ (ಸರಳನ್ನು ಎತ್ತಿ ಹಿಡಿಯುವ ಬಾಗಿಸಿದ ತುಂಡು ಸರಳು) ಇಡಿ. ಕೆಳಗಡೆಯೂ ಒಂದಿಷ್ಟು ಸರಳು ಕೊಟ್ಟರೆ, ಒತ್ತಡ ಬೀಳುವ ಆ ಬದಿಯ ಕ್ರೀಪನ್ನು ಅದು ತಡೆಯುತ್ತದೆ. ಸ್ಲ್ಯಾಬಿನ ಅಡ್ಡ ಸರಳಿಗೆ ಸಂಹಿತೆಯ ಕನಿಷ್ಠ, ಕಾಂಕ್ರೀಟಿನ ಅಡ್ಡಕೊಯ್ತದ ನೂರಕ್ಕೆ 0.12. 125 ಮಿ.ಮೀ. ಸ್ಲ್ಯಾಬಿಗೆ ಅದು 8 ಮಿ.ಮೀ. ಸರಳು 300 ಮಿ.ಮೀ.ಗೆ ಒಂದರಂತೆ ಬರುತ್ತದೆ. ನಮ್ಮ ಒಣ ಹವೆಗೆ ನಾನು 200ಕ್ಕೆ ಒಂದರಂತೆ ಕಟ್ಟಿಸುತ್ತೇನೆ. ಸರಳು ಕುಗ್ಗುವಿಕೆಯನ್ನು ನಿಲ್ಲಿಸದು, ಒಂದು ದೊಡ್ಡ ಬಿರುಕಾಗುವುದನ್ನು ಕಣ್ಣಿಗೆ ಕಾಣದ ಹತ್ತಾಗಿ ಹಂಚುತ್ತದೆ.

ಏಳನೇ ಹೆಜ್ಜೆ: ಗೋಡೆ, ಬ್ಲಾಕು, ಗಿಲಾವು

ಕಾಂಕ್ರೀಟ್ ಬ್ಲಾಕೂ ಕಾಂಕ್ರೀಟೇ. 14 ದಿನ ನೀರು ಉಂಡು, ಆಮೇಲೆ 4 ವಾರ ಆರಿದ ಬ್ಲಾಕನ್ನೇ ಗೋಡೆಗೆ ಬಳಸಬೇಕು ಎಂಬುದು ನಿಯಮ. ಮೊನ್ನೆ ಅಚ್ಚಿನಿಂದ ತೆಗೆದದ್ದು ಇವತ್ತು ಟ್ರಾಲಿಯಲ್ಲಿ ಬಂದರೆ, ಅದು ಕುಗ್ಗಬೇಕಾದದ್ದನ್ನೆಲ್ಲ ನಿಮ್ಮ ಗೋಡೆಯೊಳಗೆ ಕೂತು ಕುಗ್ಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು, ಕಾಲಂ ಮತ್ತು ಗೋಡೆ ಸೇರುವಲ್ಲಿ ನೆಟ್ಟಗೆ ನಿಲ್ಲುವ ಬಿರುಕು ಬಹುತೇಕ ಇದರದ್ದೇ. ತಾರೀಖು ಕೇಳಿ ತರಿಸಿ. ಸಾಧ್ಯವಾದರೆ ತಿಂಗಳು ಮೊದಲೇ ತಂದು ಮಳೆಗೆ ನೆನೆಯದಂತೆ ಒಟ್ಟಿಟ್ಟುಕೊಳ್ಳಿ.

ಬೀಮಿನ ಕೆಳಗಿನ ಅಡ್ಡಗೋಡೆಯನ್ನು ಬೀಮಿಗೆ ತಾಗಿಸಿ ಒಂದೇ ಸಲ ಬಿಗಿಯಬೇಡಿ. ಬೀಮು ಇನ್ನೂ ಬಾಗುವುದಿದೆ. ಬಾಗಿದರೆ ಗೋಡೆಯ ತಲೆಯ ಮೇಲೆ ಕೂರುತ್ತದೆ. ಮೇಲಿನ ಒಂದು ವರಸೆ ಬಿಟ್ಟು, ಎಲ್ಲ ಅಂತಸ್ತು ಏರಿದ ಮೇಲೆ ಮೇಲಿನಿಂದ ಕೆಳಗೆ ತುಂಬುತ್ತ ಬನ್ನಿ. ಗೋಡೆ ಕಟ್ಟಿದ ನಂತರ ಆಗುವ ಬಾಗು ಅಂಕಣದ 350ನೇ ಒಂದು ಭಾಗ ಅಥವಾ 20 ಮಿ.ಮೀ., ಯಾವುದು ಕಡಿಮೆಯೋ ಅದನ್ನು ಮೀರಬಾರದು ಎನ್ನುತ್ತದೆ ಸಂಹಿತೆ. 4.2 ಮೀಟರ್ ಕೋಣೆಗೆ ಅದು 12 ಮಿ.ಮೀ. ಗಿಲಾವಿಗೂ ಅವಸರ ಬೇಡ. ಗೋಡೆ ಎಷ್ಟು ಕುಗ್ಗಿಕೊಳ್ಳುತ್ತದೋ ಕುಗ್ಗಲಿ, ಆಮೇಲೆ ಮೆತ್ತಿ. ಕಾಲಂ ಗೋಡೆ ಸೇರುವಲ್ಲಿ ಕೋಳಿಬಲೆ ಹೊಡೆದೇ ಗಿಲಾವು ಮಾಡಿ.

ಅಂಗಳದ ನೆಲ 100 ಮಿ.ಮೀ. ದಪ್ಪದ್ದಾದರೆ ಎರಡೂವರೆಯಿಂದ ಮೂರು ಮೀಟರಿಗೊಂದು ಗೆರೆ ಕೊಯ್ಯಿಸಿ, ಆಳ ದಪ್ಪದ ಕಾಲು ಭಾಗ, ಮಾರನೇ ದಿನದೊಳಗೆ. ಎಲ್ಲಿ ಒಡೆಯಬೇಕು ಎಂದು ನಾವೇ ಜಾಗ ತೋರಿಸಿದರೆ ಅದು ಅಲ್ಲೇ ಒಡೆಯುತ್ತದೆ.

ಎಂಟನೇ ಹೆಜ್ಜೆ: ಬಂದ ಬಿರುಕನ್ನು ಓದುವುದು

ನಮ್ಮ ಕಡೆ ದೊಡ್ಡ ಗೊಂದಲ ಎರೆಭೂಮಿಯದು. ಪಾಯದ ಕೆಳಗಿನ ಎರೆ ಹಿಗ್ಗಿ ಕುಗ್ಗಿ ಬಂದ ಬಿರುಕು ನೆಲದಿಂದ ಗೋಡೆಗೆ ಹತ್ತುತ್ತದೆ, ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಪೂರ, ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದೆ, ಮಳೆಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ತೆರೆಯುತ್ತದೆ. ಅದಕ್ಕೆ ಮದ್ದು ಪಾಯದಲ್ಲಿ, ಈ ಲೇಖನದಲ್ಲಿಲ್ಲ. ಕುಗ್ಗುವಿಕೆಯ ಬಿರುಕು ಹೆಚ್ಚುಕಡಿಮೆ ಒಂದೇ ಅಗಲ, ಸಪೂರ, ಬಿಸಿಲಿನ ಬದಿಯಲ್ಲಿ, ತೆಳು ಭಾಗದಲ್ಲಿ ಬರುತ್ತದೆ. ಕ್ರೀಪಿನದು ಬಾಗಿನ ಜೊತೆ: ಚಾಚಿನ ಬುಡದಲ್ಲಿ ಮೇಲ್ಮೈಗೆ, ಸ್ಲ್ಯಾಬಿನ ನಡುವೆ ತಳಕ್ಕೆ, ಅಡ್ಡಗೋಡೆಯ ತಲೆಯಲ್ಲಿ.

ಕಂಡ ದಿನವೇ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿಗೆ ಅಡ್ಡವಾಗಿ ಎರಡು ಸಣ್ಣ ಮೊಳೆ ಅಂಟಿಸಿ ಅವುಗಳ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ವರ್ನಿಯರಿನಿಂದ ಅಳೆದು, ಮನೆಯ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. 0.3 ಮಿ.ಮೀ. ಒಳಗಿನದು ಮನೆಯೊಳಗಿನ ಸಾಮಾನ್ಯ ಹವೆಗೆ ಸಂಹಿತೆ ಒಪ್ಪಿದ ಅಗಲ. ಹಸಿ ತಾಗುವ ಜಾಗವಾದರೆ 0.2. ಅದಕ್ಕಿಂತ ಹೆಚ್ಚಿದ್ದರೆ, ಬಾಗೂ ಜೊತೆಗಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ, ಅಷ್ಟರೊಳಗೆ ಕೆಳಗೊಂದು ಪೋಲು ಆನಿಸಿಡಿ.

ಬರೀ ಕುಗ್ಗುವಿಕೆಯದ್ದಾದರೆ ತುಂಬಲು ಅವಸರಿಸಬೇಡಿ. ಇಪ್ಪತ್ತು ವರ್ಷದಲ್ಲಿ ಕುಗ್ಗುವುದರ ಮೂರನೇ ಎರಡು ಭಾಗವಾದರೂ ಮೊದಲ ವರ್ಷದಲ್ಲೇ ಮುಗಿಯುತ್ತದೆ. ಒಂದು ಪೂರ್ತಿ ಬೇಸಿಗೆ ಕಳೆಯಲಿ. ಏಪ್ರಿಲ್, ಮೇ ತಿಂಗಳ ಅಳತೆಗಳು ಒಂದೇ ಬಂದ ಮೇಲೆ, ಬಿರುಕು ಎಲ್ಲಕ್ಕಿಂತ ಅಗಲವಾಗಿ ತೆರೆದಿರುವ ಆ ಹೊತ್ತಿನಲ್ಲಿ, ಮುಂಗಾರಿನ ಮೊದಲ ಹನಿಗೆ ಮುಂಚೆ ತುಂಬಿಸಿ. ಮಾಳಿಗೆಯ ಮೇಲಿನದಕ್ಕೆ ಹಿಗ್ಗಿ ಕುಗ್ಗಬಲ್ಲ ಸೀಲಂಟ್ ಬೇಕು. ಬರೀ ಸಿಮೆಂಟ್ ಹಾಲು ಸುರಿದರೆ ಮುಂದಿನ ಯುಗಾದಿಗೆ ಅದೇ ಗೆರೆಯಲ್ಲಿ ಮತ್ತೆ ಬಾಯಿ ಬಿಡುತ್ತದೆ.